ಬೆಳವಲ ಎಂಬ ಹೆಸರನ್ನು ಹಲಗೆಯ ಮೇಲೆ ಬರೆಯಿರಿ: ಒಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯ ಆಯುಕ್ತರಿಗೆ,
ಗದಗ, ಧಾರವಾಡ ಮತ್ತು ಕೊಪ್ಪಳ ಜಿಲ್ಲಾಧಿಕಾರಿಗಳಿಗೆ,
ಹಾಗೂ ಈ ಮೂರೂ ಜಿಲ್ಲೆಗಳ ಜನರಿಗೆ

ಮಾನ್ಯರೇ,

ಗದಗ, ರೋಣ, ನರಗುಂದ, ನವಲಗುಂದ, ಅಣ್ಣಿಗೇರಿ, ಕುಕನೂರು. ಈ ಊರುಗಳ ಸುತ್ತಲಿನ ಎರೆ ಸೀಮೆಗೆ ಸಾವಿರದ ಇನ್ನೂರು ವರ್ಷಕ್ಕಿಂತ ಹಳೆಯದಾದ ಒಂದು ಹೆಸರಿದೆ. ಜನರ ಬಾಯಲ್ಲಿ ಅದು ಬೆಳವಲ. ಶಾಸನಗಳಲ್ಲಿ ಬೆಳ್ವೊಲ. ನೀವು ನಿಲ್ಲಿಸುವ ಹಲಗೆಗಳಲ್ಲಿ, ಅಚ್ಚು ಹಾಕಿಸುವ ನಕಾಶೆಗಳಲ್ಲಿ, ಮಕ್ಕಳಿಗೆ ಕಲಿಸುವ ಪಾಠಗಳಲ್ಲಿ ಆ ಹೆಸರು ಬರಲಿ ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ. ಹೊಸ ಜಿಲ್ಲೆ ಬೇಡ, ನಿಗಮ ಬೇಡ, ಪ್ರಾಧಿಕಾರ ಬೇಡ. ಹೆಸರು ಬರೆದರೆ ಸಾಕು.

ಈಗಲೇ ಯಾಕೆ ಅಂದರೆ, ಲಕ್ಕುಂಡಿಯಲ್ಲಿ ಉತ್ಖನನ ಶುರುವಾಗಿದೆ. ಅಲ್ಲಿನ ಗುಡಿ, ಬಸದಿ, ಬಾವಿಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಬೇಕೆಂಬ ಪ್ರಯತ್ನವೂ ನಡೆದಿದೆ. ಒಳ್ಳೆಯ ಕೆಲಸ. ಹೊಸ ಹಲಗೆಗಳು ಬರುತ್ತವೆ, ಪುಸ್ತಿಕೆಗಳು ಬರುತ್ತವೆ, ವರದಿಗಳು ಸಿದ್ಧವಾಗುತ್ತವೆ. ಇಂಥ ಬರಹದಲ್ಲಿ ರಾಜವಂಶದ ಹೆಸರು ಬರೆಯುತ್ತೇವೆ, ಶತಮಾನ ಬರೆಯುತ್ತೇವೆ, ಶಿಲ್ಪದ ಶೈಲಿ ಬರೆಯುತ್ತೇವೆ. ಆ ಗುಡಿ ಯಾವ ನಾಡಿನಲ್ಲಿತ್ತು ಎಂಬುದನ್ನು ಬಿಟ್ಟುಬಿಡುತ್ತೇವೆ. ಆದರೆ ಆ ಗುಡಿಗೆ ದಾನ ಕೊಟ್ಟವರು, ಶಾಸನ ಹಾಕಿಸಿದವರು ಅದನ್ನು ಬಿಡುತ್ತಿರಲಿಲ್ಲ. ಇಂಥ ನಾಡಿನ ಇಂಥ ಊರು ಎಂದು ಬರೆಸಿದ ಮೇಲೆಯೇ ಮುಂದಿನ ಮಾತು.

ಮೊದಲು ಇವತ್ತಿನ ಬಳಕೆಯ ಬಗ್ಗೆ ಹೇಳುತ್ತೇನೆ. ಇದು ಪುಸ್ತಕದಿಂದ ಹೆಕ್ಕಿ ತೆಗೆದ ಹೆಸರಲ್ಲ. ಧಾರವಾಡ, ಹುಬ್ಬಳ್ಳಿಯ ಕಡೆ ಮಾತಾಡುವವರು ಸೀಮೆಯನ್ನು ಎರಡು ಮಾಡುತ್ತಾರೆ. ಪಡುವಣಕ್ಕೆ ಮಲ್ಲಾಡ, ಮೂಡಣಕ್ಕೆ ಬೆಳವಲ. ಕಲಘಟಗಿ, ಅಳ್ನಾವರದ ಕಡೆಯವರು ಮಲ್ಲಾಡದವರು. ಮಳೆ ಜಾಸ್ತಿ, ಭತ್ತದ ಗದ್ದೆ, ಕಾಡು. ಅಣ್ಣಿಗೇರಿಯ ಕಡೆ ಹೋದರೆ ಬೆಳವಲ. ಮರ ಕಡಿಮೆ, ಕಣ್ಣು ಹಾಯುವವರೆಗೂ ಹೊಲ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು "ಬೆಳವಲದ ಕಡೆಯವ್ರೇನ್ರೀ?" ಎಂದು ಕೇಳುವುದು ಇಂದಿಗೂ ಸಾಮಾನ್ಯ. ಹೆಣ್ಣು ಕೊಡುವ, ತರುವ ಮಾತಿನಲ್ಲಂತೂ ಈ ಹೆಸರು ಬಂದೇ ಬರುತ್ತದೆ. "ಮಗಳನ್ನ ಬೆಳವಲಕ್ಕ ಕೊಟ್ಟೇವ್ರಿ" ಅಂದರೆ ಕೇಳಿದವರಿಗೆ ಎಲ್ಲ ಅರ್ಥವಾಯಿತು. ರೊಟ್ಟಿ ಬಡಿಯುವ ಮನೆ, ಸುಗ್ಗಿಯಲ್ಲಿ ಕೈತುಂಬ ಕೆಲಸ, ಬೇಸಿಗೆಯಲ್ಲಿ ನೀರಿನ ತಾಪತ್ರಯ. ಒಂದು ಹೆಸರು ಇಷ್ಟೆಲ್ಲ ಹೇಳುತ್ತದೆ.

ಈ ನೆಲವನ್ನು ಹತ್ತಿರದಿಂದ ನೋಡದವರಿಗಾಗಿ ನಾಲ್ಕು ಮಾತು. ಎರೆ ಭೂಮಿ ಬೇಸಿಗೆಯಲ್ಲಿ ಕೈ ತೂರಿಸುವಷ್ಟು ಅಗಲ ಬಾಯಿ ಬಿಡುತ್ತದೆ. ಮಳೆ ಬಿತ್ತೋ, ಅದೇ ಮಣ್ಣು ಅಂಟಾಗುತ್ತದೆ. ಹತ್ತು ಹೆಜ್ಜೆ ಹಾಕುವಷ್ಟರಲ್ಲಿ ಚಪ್ಪಲಿಯ ಅಡಿಗೆ ಗೇಣು ಕೆಸರು. ಚಪ್ಪಲಿ ಕೈಯಲ್ಲಿ ಹಿಡಿದು ನಡೆಯಬೇಕು. ಎತ್ತಿನ ಗಾಡಿ ಹೂತರೆ ನಾಲ್ಕು ಮಂದಿ ಬೇಕು. ಆದರೆ ಒಮ್ಮೆ ಕುಡಿದ ನೀರನ್ನು ಈ ಮಣ್ಣು ಸುಲಭಕ್ಕೆ ಬಿಡುವುದಿಲ್ಲ. ಅದಕ್ಕೇ ಇಲ್ಲಿ ಹಿಂಗಾರಿ ದೊಡ್ಡದು. ಮಳೆಗಾಲದ ಕೊನೆಗೆ ಕೂರಿಗೆಯಿಂದ ಬಿತ್ತಿದ ಬಿಳಿಜೋಳ, ಕಡಲೆ, ಕುಸುಬೆ, ಗೋಧಿ ಚಳಿಗಾಲದಲ್ಲಿ ಮಳೆಯಿಲ್ಲದೆ, ನೆಲದ ಹಸಿ ಮತ್ತು ಇಬ್ಬನಿಯ ಮೇಲೆ ಬೆಳೆದು ನಿಲ್ಲುತ್ತವೆ. ಎಳ್ಳ ಅಮಾವಾಸ್ಯೆಗೆ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಭೂತಾಯಿಗೆ ನೈವೇದ್ಯವಾಗಿ ಚರಗ ಚೆಲ್ಲುವುದು ನಿಂತ ಬೆಳೆಯ ನಡುವೆಯೇ. ಆಮೇಲೆ ಸೀತನಿ ತಿನ್ನುವ ದಿನಗಳು. ಎಳೆ ತೆನೆ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಸುಂಕು ಊದಿ, ಬೆಲ್ಲವೋ ಶೇಂಗಾ ಚಟ್ನಿಯೋ ಕೂಡಿಸಿ ತಿಂದವರಿಗೆ ಬೆಳವಲ ಎಂದರೆ ಏನು ಎಂದು ಬೇರೆ ವಿವರಣೆ ಬೇಡ.

ಇನ್ನು ಶಾಸನಗಳಿಗೆ ಬರುತ್ತೇನೆ.

8ನೇ ಶತಮಾನದಲ್ಲೇ, ಬಾದಾಮಿ ಚಾಲುಕ್ಯರ ಎರಡನೇ ಕೀರ್ತಿವರ್ಮನ ತಾಮ್ರಪಟದಲ್ಲಿ "ವೆಳ್ವೊಲ ವಿಷಯ" ಎಂದು ಈ ನಾಡಿನ ಹೆಸರಿದೆ. ವಿಷಯ ಎಂದರೆ ಆಗಿನ ಆಡಳಿತದ ಒಂದು ಭಾಗ. 866ರ ಶಿರೂರಿನ ಶಾಸನ ಇನ್ನೂ ಸ್ಪಷ್ಟ. ರಾಷ್ಟ್ರಕೂಟ ಅಮೋಘವರ್ಷನ ಕಾಲ. ದೇವಣ್ಣಯ್ಯ ಎಂಬ ಅಧಿಕಾರಿ ಅಣ್ಣಿಗೇರಿಯಲ್ಲಿದ್ದುಕೊಂಡು ಬೆಳ್ವೊಲ ಮುನ್ನೂರನ್ನು ಆಳುತ್ತಿದ್ದ ಎನ್ನುತ್ತದೆ. ಅಂದರೆ ಅಣ್ಣಿಗೇರಿ ಆಗ ಒಂದು ನಾಡಿನ ಮುಖ್ಯ ಊರು. ಹುಬ್ಬಳ್ಳಿ, ಗದಗ ನಡುವೆ ರೈಲಿನಲ್ಲಿ ಹೋಗುವಾಗ ಎರಡು ನಿಮಿಷ ನಿಲ್ಲುವ ಅದೇ ಅಣ್ಣಿಗೇರಿ.

ಮುನ್ನೂರು ಎಂಬಂಥ ಒಂದೊಂದು ಎಣಿಕೆ ನಮ್ಮ ಹಳೆಯ ನಾಡುಗಳ ಹೆಸರಿಗೆಲ್ಲ ಅಂಟಿಕೊಂಡಿದೆ. ಬನವಾಸಿ ಪನ್ನಿರ್ಚ್ಛಾಸಿರ ಅಂದರೆ 12000. ಗಂಗವಾಡಿ 96000, ನೊಳಂಬವಾಡಿ 32000, ಕಿಸುಕಾಡು 70. ಈ ಸಂಖ್ಯೆಗಳು ಹಳ್ಳಿಗಳ ಲೆಕ್ಕವೋ, ಹುಟ್ಟುವಳಿಯ ಲೆಕ್ಕವೋ ಎಂದು ವಿದ್ವಾಂಸರು ತುಂಬ ಚರ್ಚೆ ಮಾಡಿದ್ದಾರೆ. ಗಂಗವಾಡಿಯಲ್ಲಿ ತೊಂಬತ್ತಾರು ಸಾವಿರ ಹಳ್ಳಿ ಇರುವುದು ಸಾಧ್ಯವಿಲ್ಲ. ಬೆಳ್ವೊಲದಲ್ಲಿ ಮುನ್ನೂರು ಹಳ್ಳಿ ಇರುವುದು ಆರಾಮವಾಗಿ ಸಾಧ್ಯ. ಬೆಳ್ವೊಲದ ತೆಂಕಣಕ್ಕೆ ಪುಲಿಗೆರೆ ಮುನ್ನೂರು ಇತ್ತು, ಅಂದರೆ ಇವತ್ತಿನ ಲಕ್ಷ್ಮೇಶ್ವರದ ಸೀಮೆ. ಈ ಎರಡು ಮುನ್ನೂರುಗಳನ್ನು ಒಬ್ಬನೇ ಆಳುವುದು ಎಷ್ಟು ರೂಢಿಯಾಯಿತು ಅಂದರೆ, ಶಾಸನಗಳು ಇವನ್ನು ಜೋಡಿಸಿ "ಎರಡಱುನೂಱು" ಎಂದೇ ಕರೆದವು. ಎರಡು ಸೇರಿ ಆರುನೂರು. ಕಚೇರಿಯ ಭಾಷೆ ಆಗಲೂ ಹೀಗೆ ಅಡ್ಡಹೆಸರು ಇಡುತ್ತಿತ್ತು ಎಂದು ತಿಳಿದಾಗ ನನಗೆ ಖುಷಿಯಾಗುತ್ತದೆ.

ಬೆಳ್ವೊಲದ ಹೆಸರು ಬೆಳ್ವೊಲದೊಳಗೇ ಉಳಿಯಲಿಲ್ಲ. ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲನ್ನು ನೀವೆಲ್ಲ ಬಲ್ಲಿರಿ. ಹಂದಿಯ ಜೊತೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಗೆ ನಿಲ್ಲಿಸಿದ ಕಲ್ಲು. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಯಿಯ ಕತೆ ಎಲ್ಲರಿಗೂ ಗೊತ್ತು. ಅದೇ ಕಲ್ಲಿನ ಮೇಲೆ ಇನ್ನೊಂದು ವಿಷಯವೂ ಇದೆ. ತಕ್ಕೋಲದ ಯುದ್ಧದಲ್ಲಿ ಗಂಗರ ಬೂತುಗ ಚೋಳ ರಾಜಾದಿತ್ಯನನ್ನು ಕೊಂದ. ಮೆಚ್ಚಿದ ರಾಷ್ಟ್ರಕೂಟ ಮೂರನೇ ಕೃಷ್ಣ ಅವನಿಗೆ ಬನವಾಸಿ 12000, ಬೆಳ್ವೊಲ 300, ಪುರಿಗೆರೆ (ಅದೇ ಪುಲಿಗೆರೆ) 300, ಕಿಸುಕಾಡು 70, ಬಾಗೆನಾಡು 70 ಇಷ್ಟನ್ನು ಕೊಟ್ಟ. ಅದು ಸುಮಾರು 949-50ರ ಮಾತು. ಕಾವೇರಿ ಸೀಮೆಯ ಒಂದು ನಾಯಿಯ ವೀರಗಲ್ಲಿನಲ್ಲಿ ಮಲಪ್ರಭೆ ಸೀಮೆಯ ನಾಡಿನ ಹೆಸರು! ಬೆಂಗಳೂರಿಗೆ ಹೋದಾಗ ಮಕ್ಕಳಿಗೆ ಈ ಕಲ್ಲು ತೋರಿಸಿ, ಇದರಲ್ಲಿ ನಮ್ಮ ಸೀಮೆಯ ಹೆಸರಿದೆ ಎಂದು ಹೇಳಿ ನೋಡಿ. ಅವರು ಕಲ್ಲಿನ ಹತ್ತಿರ ಬಗ್ಗಿ ಅಕ್ಷರ ಹುಡುಕುತ್ತಾರೆ.

ಇದಕ್ಕಿಂತ ನನಗೆ ಹತ್ತಿರವಾದದ್ದು ಕುರ್ಕ್ಯಾಲದ ಶಾಸನ. ತೆಲಂಗಾಣದ ಕರೀಂನಗರದ ಕಡೆ ಬೊಮ್ಮಲಗುಟ್ಟ ಎಂಬ ಗುಡ್ಡವಿದೆ. 10ನೇ ಶತಮಾನದಲ್ಲಿ ಜಿನವಲ್ಲಭ ಎಂಬವನು ಅಲ್ಲಿ ಜಿನಬಿಂಬಗಳನ್ನು ಮಾಡಿಸಿ, ಸಂಸ್ಕೃತ, ಕನ್ನಡ, ತೆಲುಗು ಮೂರು ಭಾಷೆಗಳಲ್ಲಿ ಶಾಸನ ಹಾಕಿಸಿದ. ತೆಲುಗಿನವರಿಗೆ ಅದರಲ್ಲಿರುವ ಕಂದ ಪದ್ಯಗಳು ಬಲು ಮುಖ್ಯ. ನಮಗೆ ಮುಖ್ಯ ಯಾಕೆಂದರೆ ಜಿನವಲ್ಲಭ ಪಂಪನ ತಮ್ಮ. ಆದಿಕವಿಯ ಮನೆತನದ ಬಗ್ಗೆ ಅಲ್ಲಿ ನೇರ ಮಾತುಗಳಿವೆ. ತಂದೆಯ ಕಡೆಯವರು ವೆಂಗಿಯ ವಂಗಿಪರ್ರಿನವರು. ತಾಯಿ ಅಬ್ಬಣಬ್ಬೆ, ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಘನ ಮನೆಯ ಹೆಣ್ಣುಮಗಳು.

ಇದನ್ನು ಸ್ವಲ್ಪ ನಿಧಾನವಾಗಿ ಯೋಚಿಸಿ. ಆ ಗುಡ್ಡ ಇರುವುದು ವೇಮುಲವಾಡದ ಚಾಲುಕ್ಯರ ಸೀಮೆಯಲ್ಲಿ. ಅಣ್ಣಿಗೇರಿಯಿಂದ ಎಷ್ಟೋ ದಿನದ ದಾರಿ. ಅಲ್ಲಿ ನಿಂತು ಒಬ್ಬ ಮಗ ತನ್ನ ತಾಯಿ ಯಾರು ಎಂದು ಬರೆಸುತ್ತಾನೆ. ಊರಿನ ಹೆಸರೊಂದೇ ಸಾಲದು ಅವನಿಗೆ. ನಾಡಿನ ಹೆಸರು ಮೊದಲು, ಊರಿನ ಹೆಸರು ಆಮೇಲೆ, ಮನೆಯ ಹಿರಿಯನ ಹೆಸರು ಕೊನೆಗೆ. ದೂರದಲ್ಲಿ ಇರುವವರಿಗೆ ಅಣ್ಣಿಗೇರಿ ಗೊತ್ತಿಲ್ಲದೆ ಹೋದೀತು. ಬೆಳ್ವೊಲ ಗೊತ್ತಿರುತ್ತದೆ ಎಂಬ ನಂಬಿಕೆ ಅದು. ಇವತ್ತು ನಮ್ಮ ಹುಡುಗರು ಬೆಂಗಳೂರಿನಲ್ಲಿ, ಪುಣೆಯಲ್ಲಿ, ದೂರದ ದೇಶಗಳಲ್ಲಿ "ಯಾವ ಊರು?" ಎಂದು ಕೇಳಿದವರಿಗೆ "ಹುಬ್ಬಳ್ಳಿ ಹತ್ರ" ಎಂದು ಹೇಳಿ ಮುಗಿಸುತ್ತಾರೆ. ಅಬ್ಬಣಬ್ಬೆಯ ಮಗನಿಗೆ ತಾಯಿಯ ನಾಡಿಗೆ ಒಂದು ಸ್ವಂತ ಹೆಸರಿತ್ತು. ಈ ಹುಡುಗರಿಗೂ ಅದೇ ಹೆಸರಿದೆ. ಯಾರೂ ಅದನ್ನು ಅವರಿಗೆ ಹೇಳಿಕೊಟ್ಟಿಲ್ಲ ಅಷ್ಟೆ.

ನಾಡಿನ ಹೆಸರು ಸುಖದಲ್ಲಿ ಮಾತ್ರ ಬರುವುದಿಲ್ಲ. ಗದಗ ತಾಲೂಕಿನ ಗಾವರವಾಡದಲ್ಲಿ 1071-72ರ ಒಂದು ಶಾಸನವಿದೆ. ಗಂಗ ಪೆರ್ಮಾಡಿ ಅಣ್ಣಿಗೇರಿಯಲ್ಲಿ ಕಟ್ಟಿಸಿದ ಬಸದಿಯ ಕತೆ ಅದರಲ್ಲಿದೆ. ಚೋಳರ ದಂಡು ಬೆಳ್ವೊಲ ನಾಡನ್ನು ಹೊಕ್ಕು ಬಸದಿಗಳನ್ನು ಸುಟ್ಟಿತು, ಆ ಚೋಳ ಅರಸ ಆಮೇಲೆ ಚಾಲುಕ್ಯ ಸೋಮೇಶ್ವರನಿಗೆ ತಲೆ ಒಪ್ಪಿಸಬೇಕಾಯಿತು, ಮುಂದೆ ಲಕ್ಷ್ಮರಸ ಎಂಬ ಅಧಿಕಾರಿಯ ಕಾಲದಲ್ಲಿ ಬಸದಿಯ ಜೀರ್ಣೋದ್ಧಾರವಾಯಿತು ಎಂದು ಬರೆದಿದೆ. ಗಾವರವಾಡದ ಈ ಬರಹ ಓದುವಾಗ ಒಂದು ಇಡೀ ನಾಡು ಪೆಟ್ಟು ತಿಂದು ಎದ್ದ ಕತೆ ಕಾಣುತ್ತದೆ. ಅದನ್ನು "ಕಲ್ಯಾಣ ಚಾಲುಕ್ಯರ ಕಾಲದ ಒಂದು ಶಾಸನ" ಎಂದಷ್ಟೇ ಹೇಳಿದರೆ ಆ ನಾಡು ಕತೆಯಿಂದ ಹೊರಗೆ ಬೀಳುತ್ತದೆ.

ಕವಿರಾಜಮಾರ್ಗ ಕನ್ನಡದ ತಿರುಳು ಎಲ್ಲಿದೆ ಎಂದು ಹೇಳುವಾಗ ನಾಲ್ಕು ಊರು ಹೇಳುತ್ತದೆ. ಕಿಸುವೊಳಲು ಅಂದರೆ ಪಟ್ಟದಕಲ್ಲು, ಕೊಪಣ ಅಂದರೆ ಕೊಪ್ಪಳ, ಪುಲಿಗೆರೆ, ಬೆಳಗಾವಿ ಜಿಲ್ಲೆಯ ಒಂಕುಂದ. ನಕಾಶೆ ತೆಗೆದು ಈ ನಾಲ್ಕನ್ನು ಗೆರೆ ಎಳೆದು ಸೇರಿಸಿ. ಬೆಳವಲದ ಬಹುಪಾಲು ಆ ಗೆರೆಗಳ ಒಳಗೆ ಬೀಳುತ್ತದೆ. ಇದನ್ನು ಹೆಮ್ಮೆಗಾಗಿ ಹೇಳಬಹುದು, ತಪ್ಪಿಲ್ಲ. ಆದರೆ ನನಗೆ ಶಾಲೆಯ ಪಾಠ ನೆನಪಾಗುತ್ತದೆ. ನವಲಗುಂದದ ಹುಡುಗಿಗೆ ಕವಿರಾಜಮಾರ್ಗದ ಈ ಪದ್ಯ ಕಲಿಸುವಾಗ, "ನೀನು ಕೂತಿರುವ ಜಾಗ ಇದರೊಳಗೇ ಇದೆ" ಎಂದು ಹೇಳಿದರೆ ಪದ್ಯದ ರುಚಿಯೇ ಬೇರೆ, ಅಲ್ವಾ?

ಇನ್ನು ಅರ್ಥದ ವಿಚಾರ. ಹಲಗೆ ಬರೆಯುವವರು ಇಲ್ಲಿ ಎಚ್ಚರವಾಗಿರಬೇಕು. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಹೆಸರಿನ ಎರಡನೇ ಭಾಗದಲ್ಲಿ ಜಗಳವಿಲ್ಲ. ಅದು ಪೊಲ, ಇಂದಿನ ಹೊಲ. ಕನ್ನಡದಲ್ಲಿ ಎರಡು ಮಾತು ಕೂಡಿದಾಗ ಪ ಹೋಗಿ ವ ಬರುವುದು ಹಳೆಯ ರೂಢಿ. ಬೆಮರ್, ಪನಿ ಸೇರಿ ಬೆಮರ್ವನಿ ಆದ ಹಾಗೆ ಪೊಲ ಇಲ್ಲಿ ವೊಲ ಆಗಿದೆ. ಕಿಸುವೊಳಲು, ಧರ್ಮವೊಳಲು ಎಂಬಲ್ಲಿ ಇರುವುದು ಬೇರೆ ಮಾತು. ಅದು ಪೊಳಲು ಅಂದರೆ ಪಟ್ಟಣ. ಡಂಬಳ ಒಂದು ಕಾಲದಲ್ಲಿ ಧರ್ಮವೊಳಲು. ಕೇಳಲು ಒಂದೇ ಥರ ಇದ್ದರೂ ಬೆಳ್ವೊಲ ಪಟ್ಟಣದ ಹೆಸರಲ್ಲ, ಹೊಲದ ಹೆಸರು.

ಮೊದಲ ಭಾಗದಲ್ಲಿ ಎರಡು ದಾರಿ. ಒಂದು, ಬೆಳೆಯ ಹೊಲ. ಬೆಳೆದು ನಿಂತ ಹೊಲಗಳ ನಾಡು. ಶಾಸನಗಳ ಮೇಲೆ ದುಡಿದ ಫ್ಲೀಟ್ ಹೀಗೇ ಅರ್ಥ ಮಾಡಿದ್ದರು. ಇನ್ನೊಂದು, ಬೆಳ್ ಅಂದರೆ ಬಿಳಿ. ಬೆಳ್ಳಿ, ಬೆಳ್ದಿಂಗಳು, ಬೆಳ್ಗೊಳ ಇವುಗಳಲ್ಲಿ ಇರುವ ಬೆಳ್. ಆಗ ಬೆಳ್ವೊಲ ಬಿಳಿಯ ಹೊಲ ಆಗುತ್ತದೆ. ಕಪ್ಪು ಮಣ್ಣಿನ ಸೀಮೆಗೆ ಬಿಳಿ ಹೊಲ ಅಂತ ಯಾಕೆ ಹೆಸರು ಬಂತು ಎಂದು ಕೇಳುವವರು ಜನವರಿ ಕೊನೆಗೆ ಇಲ್ಲಿಗೆ ಬರಲಿ. ಜೋಳದ ತೆನೆ ಒಣಗುವ ಹೊತ್ತು. ಮಧ್ಯಾಹ್ನದ ಬಿಸಿಲಿನಲ್ಲಿ ದೂರದವರೆಗೆ ನೋಡಿದರೆ ಮಣ್ಣು ಕಾಣುವುದೇ ಇಲ್ಲ. ಕಾಣುವುದು ಬಿಳಿ ತೆನೆಗಳು ಮಾತ್ರ. ಇನ್ನೊಂದು ಸಾಕ್ಷಿಯೂ ಇದೆ. ಮುಳಗುಂದದ 902ರ ಸಂಸ್ಕೃತ ಶಾಸನ ಆ ಊರನ್ನು "ಧವಳ ವಿಷಯ"ದಲ್ಲಿ ಇಡುತ್ತದೆ. ಧವಳ ಅಂದರೆ ಬಿಳಿ. ಬೆಳ್ವೊಲವನ್ನೇ ಸಂಸ್ಕೃತ ಕವಿ ಹೀಗೆ ತಿರುಗಿಸಿ ಹೇಳಿದ್ದಾನೆ ಎಂದು ಓದಿದರೆ, 10ನೇ ಶತಮಾನದ ಹೊತ್ತಿಗೇ ಜನ ಇದನ್ನು ಬಿಳಿ ಹೊಲ ಎಂದು ತಿಳಿದಿದ್ದರು ಎಂದಾಗುತ್ತದೆ. ನನ್ನ ಮನಸ್ಸು ಈ ಕಡೆಗೇ ಒಲಿಯುತ್ತದೆ.

ನಮ್ಮಲ್ಲಿ ಬೆಳವಲ ಎಂದರೆ ಒಂದು ಮರವೂ ಹೌದು. ಬೇರೆ ಕಡೆ ಬೇಲ ಎನ್ನುತ್ತಾರೆ. ಗಟ್ಟಿ ಚಿಪ್ಪಿನ, ಒಳಗೆ ಹುಳಿಸಿಹಿ ತಿರುಳಿನ ಹಣ್ಣು. ಆ ಮರ ಜಾಸ್ತಿ ಇದ್ದುದರಿಂದ ನಾಡಿಗೆ ಆ ಹೆಸರು ಬಂತು ಎಂದು ಹೇಳುವವರುಂಟು. ಇವತ್ತಿನ ಉಚ್ಚಾರ ಒಂದೇ ಆಗಿರುವುದರಿಂದ ಹುಟ್ಟಿದ ಕತೆ ಇದು. ಹಳೆಯ ರೂಪದಲ್ಲಿ ವೊಲ ಇರುವಾಗ ಮರದ ಕತೆ ನಿಲ್ಲುವುದು ಕಷ್ಟ.

ಹಾಗಾಗಿ ನನ್ನ ವಿನಂತಿ ಇಷ್ಟು. ಹಲಗೆಯಲ್ಲಿ ಒಂದೇ ಅರ್ಥವನ್ನು ಇದೇ ಸತ್ಯ ಎಂದು ಕೆತ್ತಬೇಡಿ. "ಬೆಳೆಯ ಹೊಲ ಅಥವಾ ಬಿಳಿಯ ಹೊಲ" ಎಂದು ಎರಡನ್ನೂ ಬರೆಯಿರಿ. ಓದಿದವರು ತಾವೇ ಹೊಲ ನೋಡಿ ಯೋಚಿಸಲಿ. ಊರಿನ ಹೆಸರಿಗೆಲ್ಲ ಒಂದು ಪುರಾಣ ಕಟ್ಟಿ, ಯಾವುದೋ ಋಷಿ ಬಂದ, ಯಾವುದೋ ರಾಜಕುಮಾರಿ ಇದ್ದಳು ಎಂದು ಹೇಳುವ ಚಾಳಿ ಬೆಳೆಯುತ್ತಿದೆ. ಹೊಲದಿಂದ ಹುಟ್ಟಿದ ಹೆಸರಿಗೆ ಅಂಥ ಅಲಂಕಾರ ಬೇಡ. ಉತ್ತು ಬಿತ್ತಿದವರ ಕೆಲಸವನ್ನೇ ತನ್ನ ಹೆಸರು ಮಾಡಿಕೊಂಡ ನಾಡು ಇದು.

ಈಗಿನ ಆಡಳಿತದ ನಕಾಶೆಗೆ ಬರೋಣ. 2019ರಲ್ಲಿ ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕವಾಯಿತು. 2021ರಲ್ಲಿ ಮುಂಬೈ ಕರ್ನಾಟಕ ಕಿತ್ತೂರು ಕರ್ನಾಟಕವಾಯಿತು. ಪರರ ಊರಿನ ಹೆಸರು ಹೊತ್ತು ತಿರುಗುವುದು ತಪ್ಪಿತು, ಸಂತೋಷ. ಚೆನ್ನಮ್ಮನ ಹೆಸರಿಗೆ ಯಾರ ತಕರಾರೂ ಇಲ್ಲ. ಆದರೆ ಈ ಹೊಸ ಹೆಸರುಗಳು ಹಳೆಯ ಗಡಿಗಳ ಮೇಲೆಯೇ ಕೂತವು. ಬ್ರಿಟಿಷರ ಮುಂಬೈ ಪ್ರಾಂತ್ಯ ಒಂದು ಕಡೆ, ನಿಜಾಮರ ಸೀಮೆ ಇನ್ನೊಂದು ಕಡೆ. ಆ ಗಡಿ ಬೆಳವಲದ ನಡುವೆಯೇ ಹಾದುಹೋಗಿತ್ತು. ಬೆಳ್ವೊಲ ಮುನ್ನೂರಿಗೆ ಸೇರಿದ್ದ ಕುಕನೂರು ಇವತ್ತು ಕೊಪ್ಪಳ ಜಿಲ್ಲೆಯಲ್ಲಿದೆ, ಕಲ್ಯಾಣ ಕರ್ನಾಟಕದಲ್ಲಿದೆ, ಸಂವಿಧಾನದ 371ಜೆ ವಿಧಿಯ ವಿಶೇಷ ಸೌಲಭ್ಯ ಇರುವ ಕಡೆಯಲ್ಲಿದೆ. ಹತ್ತಿರದ ನರೇಗಲ್ ಗದಗ ಜಿಲ್ಲೆಯಲ್ಲಿದೆ, ಕಿತ್ತೂರು ಕರ್ನಾಟಕದಲ್ಲಿದೆ. ಮಣ್ಣು ಅದೇ, ಮಾತು ಅದೇ, ಬೀಗತನವೂ ಆಚೆಗೀಚೆಗೆ ನಡೆಯುತ್ತದೆ. ಸೌಲಭ್ಯದ ಗೆರೆಗಳನ್ನು ಅಳಿಸಿ ಎಂದು ನಾನು ಕೇಳುತ್ತಿಲ್ಲ. ಆ ಗೆರೆಗೆ ಅದರದ್ದೇ ಕಾರಣವಿದೆ, ನ್ಯಾಯವಿದೆ. ಎರಡೂ ಕಡೆಯವರಿಗೆ ಒಂದೇ ನಾಡಿನ ಹೆಸರಿದೆ ಎಂಬುದನ್ನು ಮಾತ್ರ ಮರೆಯಬಾರದು.

ಪ್ರತ್ಯೇಕತೆಯ ಮಾತಿಗೆ ಇದು ದಾರಿ ಮಾಡೀತು ಎಂದು ಯಾರಾದರೂ ಹೇಳಬಹುದು. ನನಗೆ ಆ ಭಯ ಇಲ್ಲ. ಮಲೆನಾಡು ಎಂದು ದಿನಕ್ಕೆ ನೂರು ಸಲ ಹೇಳುತ್ತೇವೆ. ತುಳುನಾಡು ಎನ್ನುತ್ತೇವೆ. ಅದರಿಂದ ಕರ್ನಾಟಕ ಸಣ್ಣದಾಗಲಿಲ್ಲ. ನಾಡುಗಳು ಸೇರಿ ಆದ ನಾಡು ಇದು. ಬೆಳವಲದ ಹೆಸರೂ ಆ ಸಾಲಿನಲ್ಲಿ ನಿಲ್ಲಲಿ.

ಗಡಿ ಎಲ್ಲಿ ಎಂದು ಜಗಳವಾಗಬಹುದು ಎಂಬ ಮಾತೂ ಬರುತ್ತದೆ. ಗಡಿ ಎಳೆಯುವ ಅಗತ್ಯವೇ ಇಲ್ಲ. ಗದಗ ಜಿಲ್ಲೆಯ ಸೂಡಿ ಬೆಳ್ವೊಲದ ಪಕ್ಕದಲ್ಲೇ ಇದ್ದರೂ ಅದು ಕಿಸುಕಾಡು ಎಪ್ಪತ್ತರ ಮುಖ್ಯ ಊರು. ಡಂಬಳ ಮಾಸವಾಡಿ ನೂರನಲವತ್ತಕ್ಕೆ ಸೇರಿತ್ತು. ಸೂಡಿಯ ಹಲಗೆಯಲ್ಲಿ ಕಿಸುಕಾಡು ಎಂದೇ ಬರೆಯಿರಿ, ಡಂಬಳದಲ್ಲಿ ಮಾಸವಾಡಿ ಎಂದೇ ಬರೆಯಿರಿ, ಲಕ್ಷ್ಮೇಶ್ವರದಲ್ಲಿ ಪುಲಿಗೆರೆ. ಶಾಸನ ಏನು ಹೇಳುತ್ತದೋ ಅದು. ಯಾವ ಊರಿಗೆ ಶಾಸನದ ಆಧಾರ ಇಲ್ಲವೋ ಅಲ್ಲಿ ಸುಮ್ನೆ ಹೆಸರು ಹಚ್ಚುವುದು ಬೇಡ.

ಇದಕ್ಕೆ ಮೊದಲು ಒಂದು ಪಟ್ಟಿ ಬೇಕು. ಬೆಳ್ವೊಲ ಮುನ್ನೂರಿಗೆ ಸೇರಿದವು ಎಂದು ಶಾಸನಗಳು ಹೇಳುವ ಊರುಗಳು ಯಾವುವು, ಅವುಗಳ ಅಂದಿನ ಹೆಸರೇನು, ಇಂದಿನ ಹೆಸರೇನು. ಲೊಕ್ಕಿಗುಂಡಿ ಲಕ್ಕುಂಡಿಯಾಯಿತು. ನಾರೆಯಂಗಲ್ ನರೇಗಲ್ ಆಯಿತು. ಅಣ್ಣಿಗೆರೆ ಅಣ್ಣಿಗೇರಿಯಾಯಿತು. ಶಾಸನಗಳು ಸಂಪುಟಗಳಲ್ಲಿ ಅಚ್ಚಾಗಿವೆ. ವಿಶ್ವವಿದ್ಯಾಲಯಗಳಲ್ಲಿ ಓದಬಲ್ಲವರಿದ್ದಾರೆ. ಮೂರೂ ಜಿಲ್ಲೆಗಳು ಕೂಡಿ ಒಂದು ಸಣ್ಣ ತಂಡ ಮಾಡಿದರೆ ಆಗುವ ಕೆಲಸ. ಆ ಪಟ್ಟಿ ಆಯಾ ಗ್ರಾಮ ಪಂಚಾಯಿತಿಗೆ ತಲುಪಬೇಕು. ನಮ್ಮ ಊರಿನ ಹೆಸರು ಒಂಬೈನೂರು ವರ್ಷದ ಹಿಂದೆ ಹೇಗಿತ್ತು ಎಂದು ತಿಳಿದುಕೊಳ್ಳಲು ಊರಿನವರು ಬೆಂಗಳೂರಿನ ಗ್ರಂಥಾಲಯಕ್ಕೆ ಹೋಗುವಂತಾಗಬಾರದು.

ಜೊತೆಗೇ ಶಾಸನದ ಕಲ್ಲುಗಳ ಗತಿಯನ್ನೂ ನೋಡಿ. ನಮ್ಮ ಸೀಮೆಯ ಎಷ್ಟೋ ಊರುಗಳಲ್ಲಿ ಹನುಮಂತ ದೇವರ ಗುಡಿಯ ಮಗ್ಗುಲಲ್ಲಿ, ಅಗಸಿಯ ಹತ್ತಿರ ಇಂಥ ಕಲ್ಲು ನಿಂತಿರುತ್ತದೆ. ಮೇಲ್ಗಡೆ ಸೂರ್ಯ ಚಂದ್ರ, ಲಿಂಗ, ಆಕಳು ಕರು. ಕೆಳಗೆ ಸಾಲು ಸಾಲು ಅಕ್ಷರ. ಜನ ಅದಕ್ಕೆ ಎಣ್ಣೆ ಹಾಕುತ್ತಾರೆ, ಕುಂಕುಮ ಹಚ್ಚುತ್ತಾರೆ. ಭಕ್ತಿ ಅದು, ಬೈಯುವಂತಿಲ್ಲ. ಆದರೆ ಗುಡಿಗೆ ಬಣ್ಣ ಹೊಡೆಸುವಾಗ ಕಲ್ಲಿಗೂ ಆಯಿಲ್ ಪೇಂಟ್ ಬಳಿಯುತ್ತಾರೆ. ಕೆತ್ತಿದ ಅಕ್ಷರದೊಳಗೆ ಬಣ್ಣ ತುಂಬಿ ಗಟ್ಟಿಯಾಗುತ್ತದೆ. ಬೆರಳಿಟ್ಟು ಓದುತ್ತಿದ್ದ ಅಕ್ಷರ ಮುಚ್ಚಿಹೋಗುತ್ತದೆ. ರಸ್ತೆ ಎತ್ತರಿಸಿ ಕಾಂಕ್ರೀಟ್ ಹಾಕಿದಾಗ ಕೆಳಗಿನ ನಾಲ್ಕೈದು ಸಾಲು ನೆಲದೊಳಗೆ ಹೋಗುತ್ತವೆ. ದಾನ ಕೊಟ್ಟ ಹೊಲದ ಎಲ್ಲೆಗಳು ಬರುವುದು ಆ ಕೆಳಗಿನ ಸಾಲುಗಳಲ್ಲೇ. ಇದಕ್ಕೆ ಶಿಕ್ಷೆ, ನೋಟಿಸು ಮದ್ದಲ್ಲ. "ಈ ಕಲ್ಲಿನಲ್ಲಿ ನಿಮ್ಮ ಊರಿನ ಹೆಸರಿದೆ, ಬೆಳ್ವೊಲದ ಹೆಸರಿದೆ, ಇಂಥ ಸಾಲಿನಲ್ಲಿದೆ" ಎಂದು ಪಕ್ಕದಲ್ಲಿ ಒಂದು ಸಣ್ಣ ಹಲಗೆ ಹಾಕಿ, ಕಲ್ಲಿನ ಪೂರ್ತಿ ಪಾಠವನ್ನು ಇವತ್ತಿನ ಕನ್ನಡದಲ್ಲಿ ಬರೆಸಿ. ಊರಿನವರೇ ಕಾಯುತ್ತಾರೆ.

ಊರಿನ ಜನರಿಗೂ ಒಂದು ಮಾತು ಹೇಳಬೇಕು. ಹೆಸರು ಉಳಿಯುವುದು ಸರ್ಕಾರದಿಂದ ಮಾತ್ರ ಅಲ್ಲ. ಜೋಳ, ಕಡಲೆ, ಕುಸುಬೆ ಎಣ್ಣೆ, ಕೆಂಪು ಮೆಣಸಿನಕಾಯಿ ಚೀಲದಲ್ಲಿ ತುಂಬಿ ಮಾರುವ ರೈತ ಸಂಘಗಳು, ರೊಟ್ಟಿ ಮಾಡಿ ಕಳಿಸುವ ಹೆಣ್ಣುಮಕ್ಕಳ ಸ್ವಸಹಾಯ ಗುಂಪುಗಳು ಈ ಹೆಸರನ್ನು ಬಳಸಲಿ. ಬೆಳವಲದ ಬಿಳಿಜೋಳ ಎಂದು ಚೀಲದ ಮೇಲೆ ಬರೆದರೆ ಅದು ಸುಳ್ಳು ಜಾಹೀರಾತಲ್ಲ. ಆ ಹೆಸರು ಬಂದದ್ದೇ ಹೊಲದಿಂದ. ಆದರೆ ಬೆಳವಲದಲ್ಲಿ ಬೆಳೆಯದ್ದಕ್ಕೆ ಆ ಹೆಸರು ಹಚ್ಚಬಾರದು. ಹೆಸರಿಗೆ ಬೆಲೆ ಬರುವುದೂ ಹೋಗುವುದೂ ಅಲ್ಲೇ.

ಬರೆಯುವ ರೀತಿಯ ಬಗ್ಗೆ ಒಂದು ಸಣ್ಣ ಸೂಚನೆ. ಶಾಸನದ ಮಾತು ಬಂದಲ್ಲಿ ಬೆಳ್ವೊಲ ಎಂದು ಬರೆಯಿರಿ, ಇವತ್ತಿನ ಸೀಮೆಯ ಮಾತು ಬಂದಲ್ಲಿ ಬೆಳವಲ ಎಂದು ಬರೆಯಿರಿ. ಎರಡೂ ಒಂದೇ ಎಂದು ಒಂದು ಸಾಲು ಸೇರಿಸಿ. ಇಂಗ್ಲಿಷ್ ಹಲಗೆಯಲ್ಲಿ ಒಂದೊಂದು ಕಡೆ ಒಂದೊಂದು ಥರ ಬರೆದು ಗೊಂದಲ ಮಾಡಬೇಡಿ. ಅಕ್ಷರ ಮೊದಲೇ ಗೊತ್ತು ಮಾಡಿಕೊಳ್ಳಿ.

ಶುರು ಮಾಡಲು ಎರಡು ಜಾಗ ಹೇಳುತ್ತೇನೆ. ಒಂದು, ಅಣ್ಣಿಗೇರಿಯ ಅಮೃತೇಶ್ವರ ಗುಡಿ. ಬೆಳ್ವೊಲದ ಮುಖ್ಯ ಊರಿನ ದೊಡ್ಡ ಗುಡಿ ಅದು. ಅಲ್ಲಿಗೆ ಬಂದವರಿಗೆ ಬೆಳ್ವೊಲ ಮುನ್ನೂರರ ನಕಾಶೆ ಕಾಣಲಿ, ಅಬ್ಬಣಬ್ಬೆಯ ಹೆಸರೂ ಕಾಣಲಿ. ಎರಡು, ಲಕ್ಕುಂಡಿ. ಅತ್ತಿಮಬ್ಬೆ 1007ರಲ್ಲಿ ಬಸದಿ ಕಟ್ಟಿಸಿದ ಊರು. ಅಗೆತದಲ್ಲಿ ಸಿಕ್ಕಿದ್ದನ್ನೆಲ್ಲ ಅಲ್ಲೇ ಜೋಡಿಸಿ ಇಡುವಾಗ, ಮೊದಲ ಕೋಣೆಯ ಮೊದಲ ಫಲಕ ಬೆಳ್ವೊಲದ್ದಾಗಿರಲಿ. ವಿಶ್ವ ಪರಂಪರೆಗೆ ಕಳಿಸುವ ಕಡತದಲ್ಲೂ ಲಕ್ಕುಂಡಿ ಎಂಬ ಒಂಟಿ ಊರಿನ ಬದಲು ಬೆಳ್ವೊಲ ನಾಡಿನ ಲಕ್ಕುಂಡಿ ಎಂದು ಬರಲಿ. ಆ ಗುಡಿಗಳಿಗೆ ಹಣ, ಧಾನ್ಯ, ಎಣ್ಣೆ ಬಂದದ್ದು ಸುತ್ತಲಿನ ಹೊಲಗಳಿಂದಲೇ.

ಈ ಎರಡು ಕಡೆ ಮುಂದಿನ ಹಿಂಗಾರಿ ಸುಗ್ಗಿಯ ಒಳಗೆ ಹಲಗೆ ಬರುವಂತೆ ಮಾಡಿ. ಊರುಗಳ ಪಟ್ಟಿ ಮಾಡುವ ತಂಡಕ್ಕೆ ಓದಲು, ತಿರುಗಲು, ಕಲ್ಲು ಹುಡುಕಲು ಜನ ಬೇಕಾದರೆ ನಮ್ಮ ಊರುಗಳಲ್ಲಿ ಮೇಷ್ಟ್ರುಗಳಿದ್ದಾರೆ, ಕಾಲೇಜಿನ ಹುಡುಗ ಹುಡುಗಿಯರಿದ್ದಾರೆ, ಊಟಕ್ಕೆ ರೊಟ್ಟಿ ಇದೆ. ಕರೆದರೆ ನಾನೂ ಬರುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಬೆಳವಲದ ಒಬ್ಬ ನಿವಾಸಿ